ಕುಕ್ಕರ್ ಎಷ್ಟು ಸಲ ಕೂಗ್ತು?

ನಮ್ಮ ಅಪ್ಪನ ಹತ್ತಿರ ಸೀನಿಯರ್ ಗ್ರೇಡ್ ಟೈಪ್‌ರೈಟಿಂಗ್ ಸರ್ಟಿಫಿಕೇಟ್ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ, ಬೀರುವಿನ ಮೇಲಿನ ಖಾನೆಯಲ್ಲಿ ಬೆಚ್ಚಗಿದೆ. ಗೋದ್ರೆಜ್‌ನವರು ಟೈಪ್‌ರೈಟರ್ ಮಾಡುವುದನ್ನೇ ಬಿಟ್ಟು ಎಷ್ಟೋ ವರ್ಷ ಆಯಿತು. ಸರ್ಟಿಫಿಕೇಟ್ ಮಾತ್ರ ಇನ್ನೂ ಚಾಲ್ತಿಯಲ್ಲಿದೆ. 'ನಿಮ್ಮ ಬೆರಳುಗಳ ವಾಯಿದೆ ಮುಗಿಯುತ್ತಾ ಬಂತು, ದಯವಿಟ್ಟು ನವೀಕರಿಸಿ' ಅಂತ ಯಾರೂ ಅಪ್ಪನಿಗೆ ಮೇಲ್ ಕಳಿಸಿಲ್ಲ.

ಸಾಫ್ಟ್‌ವೇರ್ ಫೀಲ್ಡಿನಲ್ಲಿ ಇದು ಪೂರ್ತಿ ಉಲ್ಟಾ. ಇಲ್ಲಿ ಸರ್ಟಿಫಿಕೇಟ್ ಬೇಗ ಸಾಯುತ್ತದೆ, ಸಾಫ್ಟ್‌ವೇರ್ ಸಾಯುವುದೇ ಇಲ್ಲ. ಎಡಬ್ಲ್ಯುಎಸ್ ಅಂದರೆ ಅಮೆಜಾನ್‌ನವರ ಕ್ಲೌಡ್, ಇಂಟರ್ನೆಟ್ ಮೇಲೆ ಸರ್ವರ್ ಬಾಡಿಗೆಗೆ ಕೊಡುವ ವ್ಯವಹಾರ. ಅದರ ಸರ್ಟಿಫಿಕೇಟಿಗೆ ಮೂರು ವರ್ಷ ಆಯಸ್ಸು. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಸರ್ಟಿಫಿಕೇಟಿಗೆ ಒಂದೇ ವರ್ಷ. ನವೀಕರಣ ಪುಕ್ಕಟೆ, ಪುಸ್ತಕ ನೋಡಿಕೊಂಡೇ ಬರೆಯಬಹುದು, ಅಷ್ಟರಮಟ್ಟಿಗೆ ಪುಣ್ಯ. ಒಂದು ಕಾಲಕ್ಕೆ ಮೈಕ್ರೋಸಾಫ್ಟ್‌ನವರದೇ ಎಂಸಿಎಸ್‌ಇ ಸರ್ಟಿಫಿಕೇಟ್ ಅಂದರೆ ಹೆಣ್ಣು ನೋಡುವ ಶಾಸ್ತ್ರದಲ್ಲೂ ತೂಕ ಇತ್ತು. 2021ರ ಜನವರಿಯಲ್ಲಿ ಅದಕ್ಕೂ ತಿಥಿ ಆಯಿತು. ಆ ಎಂಸಿಎಸ್‌ಇಗಳು ಕೂರಿಸಿದ ಸರ್ವರ್‌ಗಳು ಮಾತ್ರ ಎಲ್ಲೆಲ್ಲೋ ಮೂಲೆಯಲ್ಲಿ ಇನ್ನೂ ಗುಂಯ್ ಅನ್ನುತ್ತಿವೆ.

ನಮ್ಮ ಆಫೀಸಿನಲ್ಲೂ ಅಂಥದ್ದೊಂದು ಇದೆ. ಜಾವಾ 8 ಮೇಲೆ ಓಡುವ ಅಪ್ಲಿಕೇಷನ್. ಜಾವಾ 8 ಬಂದಿದ್ದು 2014ರಲ್ಲಿ. ಅಪ್ಲಿಕೇಷನ್ ಬರೆದ ಪುಣ್ಯಾತ್ಮ ಕೆನಡಾಕ್ಕೆ ಹೋಗಿ, ಪಿಆರ್ ತಗೊಂಡು, ಹಿಮ ತೋಡುವ ಫೋಟೋ ಹಾಕುತ್ತಿದ್ದಾನೆ. ಅದು ಕೂತಿರುವ ಸರ್ವರಿನ ಹೆಸರು 'ಟೆಸ್ಟ್-2'. ಹೆಸರಿಗೆ ಟೆಸ್ಟ್, ಕಸ್ಟಮರ್‌ಗಳೆಲ್ಲ ಇರುವುದು ಅದರ ಮೇಲೇ. ಟೆಸ್ಟ್-1 ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ. ಕೇಳುವುದೂ ಇಲ್ಲ.

ಮತ್ತೆ ಈ ಪರೀಕ್ಷೆಗಳನ್ನೆಲ್ಲ ಯಾಕೆ ಬರೀತೀರಿ ಅಂತ ಕೇಳಬಹುದು. ಕಲಿಯುವ ಹಂಬಲದಿಂದ ಅಂತ ಲಿಂಕ್ಡ್‌ಇನ್‌ನಲ್ಲಿ ಬರೆಯುತ್ತೇವೆ. ನಿಜವಾದ ಕಾರಣ ಬೇರೆ. ಕ್ಲೌಡ್ ಕಂಪನಿಗಳ ಪಾರ್ಟ್ನರ್ ಆಗಿ ಮೇಲಿನ ದರ್ಜೆಗೆ ಹತ್ತಬೇಕಾದರೆ ಇಂತಿಷ್ಟು ಜನ ಸರ್ಟಿಫೈಡ್ ಇರಲೇಬೇಕು ಅಂತ ನಿಯಮ ಇರುತ್ತದೆ. ಒಬ್ಬ ಕೆಲಸ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಆಗ ಮ್ಯಾನೇಜರ್ ಎಕ್ಸೆಲ್ ಶೀಟ್ ಹಿಡಿದು ಬರುತ್ತಾರೆ. ಮದುವೆ ಮನೆಯಲ್ಲಿ ಇನ್ನೊಂದು ಹೋಳಿಗೆ ಬಡಿಸುವವರ ಥರ, "ಈ ವರ್ಷದ ಗೋಲ್‌ನಲ್ಲಿ ಒಂದು ಸರ್ಟಿಫಿಕೇಷನ್ ಹಾಕ್ಕೊಂಬಿಡಿ" ಅನ್ನುತ್ತಾರೆ. ನೀವು ಎಲೆಗೆ ಕೈ ಅಡ್ಡ ಇಟ್ಟರೂ ಅದು ಬಿದ್ದಾಗಿರುತ್ತದೆ.

ನನಗೆ ಬಿದ್ದಿದ್ದು ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್. 65 ಪ್ರಶ್ನೆ, 130 ನಿಮಿಷ, ಸಾವಿರಕ್ಕೆ 720 ಬಂದರೆ ಪಾಸ್. 65ರಲ್ಲಿ 15 ಪ್ರಶ್ನೆಗೆ ಅಂಕವೇ ಇಲ್ಲ. ಮುಂದಿನ ಪರೀಕ್ಷೆಗಳಿಗೆ ಪ್ರಶ್ನೆ ಹೇಗಿದೆ ಅಂತ ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ. ಯಾವ 15 ಅಂತ ಹೇಳುವುದಿಲ್ಲ. ಇದರಿಂದ ಒಂದು ಉಪಕಾರ ಇದೆ. ಗೊತ್ತಿಲ್ಲದ ಪ್ರಶ್ನೆ ಬಂದಾಗಲೆಲ್ಲ 'ಇದು ಆ ಹದಿನೈದರಲ್ಲಿ ಒಂದು' ಅಂದುಕೊಂಡು ನೆಮ್ಮದಿಯಾಗಿ ಮುಂದೆ ಹೋಗಬಹುದು. ನನಗೆ ಅಂಥವು ಹದಿನೈದಕ್ಕಿಂತ ಜಾಸ್ತಿ ಸಿಕ್ಕವು, ಆ ಮಾತು ಬೇರೆ.

ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಮೊದಲೇ ಅರ್ಜಿ ಹಾಕಿಕೊಂಡರೆ 30 ನಿಮಿಷ ಹೆಚ್ಚಿಗೆ ಕೊಡುತ್ತಾರೆ. ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೆ ಈ ಫೀಲ್ಡಿನಲ್ಲಿ ನನಗೆ ಸಿಕ್ಕ ಮೊದಲ ಬೋನಸ್ ಅದು. ಕಣ್ಣಿಗೊತ್ತಿಕೊಂಡು ತಗೊಂಡೆ.

ಈ ಪರೀಕ್ಷೆಯ ಪ್ರಶ್ನೆಗಳದ್ದೇ ಒಂದು ಲೋಕ. ಹೆಚ್ಚಿನವೆಲ್ಲ 'ಒಂದು ಕಂಪನಿ' ಅಂತ ಶುರುವಾಗುತ್ತವೆ. ಒಂದು ಕಂಪನಿ ಫೋಟೋಗಳನ್ನು ಶೇಖರಿಸಬೇಕು. ಒಂದು ಕಂಪನಿಯ ವೆಬ್‌ಸೈಟಿಗೆ ಇದ್ದಕ್ಕಿದ್ದಂತೆ ಜನ ನುಗ್ಗುತ್ತಾರೆ. ಕೊನೆಗೆ ದೊಡ್ಡ ಅಕ್ಷರದಲ್ಲಿ ಒಂದು ಷರತ್ತು: ಅತಿ ಕಡಿಮೆ ಖರ್ಚಿನ ದಾರಿ ಯಾವುದು? ಇಲ್ಲವೇ, ಅತಿ ಕಡಿಮೆ ಉಸಾಬರಿಯ ದಾರಿ ಯಾವುದು? ಕೊಟ್ಟ ಉತ್ತರಗಳಲ್ಲಿ ಎರಡಾದರೂ ಸರಿ ಅನ್ನಿಸುತ್ತವೆ. ನಾಲ್ಕು ಮಾದರಿ ಪರೀಕ್ಷೆ ತಿರುವಿದರೆ ಗುಟ್ಟು ತಿಳಿಯುತ್ತದೆ. ಅಪರೂಪಕ್ಕೆ ನೋಡುವ ಫೈಲು ಅಂದರೆ ಗ್ಲೇಸಿಯರ್ ಅನ್ನುವ ಅಗ್ಗದ ಉಗ್ರಾಣಕ್ಕೆ ತಳ್ಳು. ಕೆಲಸ ನಡುವೆ ನಿಂತರೂ ಪರವಾಗಿಲ್ಲ ಅಂದರೆ ಸ್ಪಾಟ್ ಇನ್‌ಸ್ಟನ್ಸ್, ಅಂದರೆ ಯಾವಾಗ ಬೇಕಾದರೂ ವಾಪಸ್ ಕಿತ್ತುಕೊಳ್ಳಬಹುದಾದ ಅಗ್ಗದ ಸರ್ವರ್. ಉಸಾಬರಿ ಬೇಡ ಅಂದರೆ ಲ್ಯಾಂಬ್ಡಾ, ಕೋಡ್ ಮಾತ್ರ ನಮ್ಮದು, ಸರ್ವರ್ ನೋಡಿಕೊಳ್ಳುವುದು ಅವರದು. ಓದುತ್ತಾ ಓದುತ್ತಾ ಆ 'ಒಂದು ಕಂಪನಿ'ಗೇ ಹೋಗಿ ಸೇರಿಬಿಡೋಣ ಅನ್ನಿಸಿತು. ಅಲ್ಲಿ ಯಾರೂ ಶುಕ್ರವಾರ ಸಂಜೆ ರಿಕ್ವೈರ್‌ಮೆಂಟ್ ಬದಲಿಸುವುದಿಲ್ಲ. ಬಜೆಟ್ ಅಪ್ರೂವ್ ಮಾಡಬೇಕಾದವರು ತಿರುಪತಿಗೆ ಹೋಗಿರುವುದಿಲ್ಲ. ಅಲ್ಲಿ ಟೆಸ್ಟ್-2 ಇಲ್ಲ.

ಪರೀಕ್ಷೆ ಮನೆಯಲ್ಲೇ ಕೂತು ಬರೆಯಬಹುದು. ಸೆಂಟರ್ ವೈಟ್‌ಫೀಲ್ಡ್ ಕಡೆ ಇತ್ತು, ನಾವಿರುವುದು ಬನಶಂಕರಿ. ಈ ಊರಿನ ಟ್ರಾಫಿಕ್ ನೋಡಿದವರು ಯಾರೇ ಆದರೂ ಮನೆಯನ್ನೇ ಆರಿಸುತ್ತಾರೆ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಸ್ಲಾಟ್ ಹಿಡಿದೆ.

"ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಕಣೋ" ಅಂದರು ಅಮ್ಮ.

"ಅಮ್ಮ, ಸರ್ವರ್ ಇರೋದು ಅಮೆರಿಕದಲ್ಲಿ."

"ಬರೆಯೋನು ಇರೋದು ಎಲ್ಲಿ?"

ಇದಕ್ಕೆ ಯಾವ ಆರ್ಕಿಟೆಕ್ಟ್ ಹತ್ತಿರವೂ ಉತ್ತರ ಇಲ್ಲ. ಸ್ಲಾಟನ್ನು ಮುಕ್ಕಾಲು ಹನ್ನೊಂದಕ್ಕೆ ತಳ್ಳಿದೆ. ಹೆಚ್ಚಿನ ಅರ್ಧ ಗಂಟೆ ಸೇರಿದರೆ ಮುಗಿಯುವುದು ಒಂದೂ ಇಪ್ಪತ್ತೈದಕ್ಕೆ. ಅಂದರೆ ನಮ್ಮ ಮನೆಯ ಅಡುಗೆ ಹೊತ್ತು ಪೂರ್ತಿ ಒಳಗೆ ಬಂತು. ರಾಹು ಬೇರೆ ದಾರಿ ಹುಡುಕಿಕೊಂಡ.

ಮನೆಯಿಂದ ಬರೆಯುವವರಿಗೆ ನಿಯಮ ಬಿಗಿ. ಮೇಜು ಖಾಲಿ ಇರಬೇಕು. ಕೋಣೆಯ ನಾಲ್ಕೂ ಕಡೆ ಫೋಟೋ ಕಳಿಸಬೇಕು. ಒಳಗೆ ಯಾರೂ ಬರಬಾರದು. ಮಾತಾಡಬಾರದು, ಪ್ರಶ್ನೆಯನ್ನು ಬಾಯಲ್ಲಿ ಓದಿಕೊಳ್ಳುವುದೂ ತಪ್ಪು. ಫೋಟೋ ನೋಡಿದ ಮೇಲ್ವಿಚಾರಕರು ಚಾಟ್‌ನಲ್ಲಿ ಕೇಳಿದರು, ಗೋಡೆಯ ಮೇಲೆ ಅದೇನು? ಅದು ಒಂಟಿಕೊಪ್ಪಲ್ ಕ್ಯಾಲೆಂಡರ್. ತಿಥಿ, ನಕ್ಷತ್ರ ಸಾಲದು ಅಂತ ಅಮ್ಮ ಪ್ರತಿ ಚೌಕದಲ್ಲೂ ಪೆನ್ಸಿಲಿನಿಂದ ಬರೆದಿರುತ್ತಾರೆ. '½', '1', 'ಇಲ್ಲ', 'ಗ್ಯಾ', ಮತ್ತೆ '½'. ಹಾಲು ಎಷ್ಟು ಬಂತು, ಯಾವತ್ತು ಬರಲಿಲ್ಲ, ಗ್ಯಾಸ್ ಯಾವತ್ತು ಹಾಕಿದ್ದು. ಗೊತ್ತಿಲ್ಲದವರಿಗೆ ಅದು ಉತ್ತರಗಳ ಪಟ್ಟಿಯೇ. ಹಾಲಿನ ಲೆಕ್ಕ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ದಯವಿಟ್ಟು ತೆಗೆಯಿರಿ. ತೆಗೆದು ಕೋಣೆಯ ಹೊರಗಿಟ್ಟೆ.

ಮೊದಲ ಒಂದು ಗಂಟೆ ಚೆನ್ನಾಗಿಯೇ ಹೋಯಿತು. ಸೊಪ್ಪಿನವನು ಬಂದ, ಹಳೇ ಪೇಪರ್ ಹಳೇ ಕಬ್ಬಿಣದವನು ಬಂದ, ಎರಡೂ ಸಲ ಮೇಲ್ವಿಚಾರಕರು ಕೋಣೆಯಲ್ಲಿ ಬೇರೆ ಯಾರಿದ್ದಾರೆ ಅಂತ ಕೇಳಿದರು. ಆಮೇಲೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹುಳಿಗೆ ಬೇಳೆ ಇಟ್ಟು ಅಮ್ಮ ಟೆರೇಸ್ ಮೇಲೆ ಬಟ್ಟೆ ಒಣಗಿಸಲು ಹೋಗಿದ್ದರು. ಎರಡನೇ ಸಲ ಕೂಗಿತು. ಮೂರು. ನಮ್ಮ ಮನೆ ಬೇಳೆಗೆ ಮೂರೇ.

ಮೇಲಿನಿಂದ ಅಮ್ಮನ ದನಿ ಬಂತು. "ಕುಕ್ಕರ್ ಎಷ್ಟು ಸಲ ಕೂಗ್ತೋ?"

ಸ್ಕ್ರೀನ್ ಮೇಲಿದ್ದ ಪ್ರಶ್ನೆ ಸರ್ವರ್‌ಗಳ ಮೇಲೆ ಕಣ್ಣಿಡುವ ಕ್ಲೌಡ್‌ವಾಚ್‌ನ ಅಲಾರಂ ಬಗ್ಗೆ. ಒಂದು ಕಂಪನಿಯಲ್ಲಿ ಅಲಾರಂ ಹೊಡೆದರೆ ತಕ್ಷಣ ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಬೇಕು, ಏನು ಮಾಡುತ್ತೀರಿ? ಸಂಬಂಧಪಟ್ಟವರು ಟೆರೇಸ್ ಮೇಲಿದ್ದಾರೆ. ಅಲಾರಂ ಕೇಳಿಸಿಕೊಂಡವನು ಬಾಯಿ ಬಿಟ್ಟರೆ ಪರೀಕ್ಷೆ ರದ್ದು. ನಾಲ್ಕು.

"ಮೂರಾಯ್ತೇನೋ? ಆಫ್ ಮಾಡೋ!"

ಐದು. ಆರು. ಎಸ್‌ಎನ್‌ಎಸ್ ಟಾಪಿಕ್ ಅಂತ ಉತ್ತರ ಒತ್ತಿದೆ, ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಿಸುವ ಸೇವೆ ಅದು. ಅಪ್ಪ ಹಾಲ್‌ನಲ್ಲೇ ಇದ್ದರು, ಅವರಿಗೆ ನ್ಯೂಸ್ ಚಾನೆಲ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅಮ್ಮ ಇಳಿದು ಬರುವಷ್ಟರಲ್ಲಿ ಬೇಳೆ ಕರಗಿ ಹುಳಿಗೂ ಆಗದೆ ಸಾರಿಗೂ ಆಗದೆ ಕೂತಿತ್ತು. ಊಟಕ್ಕೆ ಕೂತಾಗ ಅಮ್ಮ ಅಂದರು, "ಕ್ಲೌಡ್ ಅಂತೆ ಕ್ಲೌಡು. ಒಂದು ಒಲೆ ಆಫ್ ಮಾಡಕ್ಕೆ ಬರಲ್ಲ."

ಫಲಿತಾಂಶ ಐದು ಕೆಲಸದ ದಿನದೊಳಗೆ ಬರುತ್ತದೆ ಅಂದಿದ್ದರು. ಬಂತು, ಪಾಸು. ಬ್ಯಾಡ್ಜ್ ಹಾಕಿದೆ. ಗೊತ್ತಿದ್ದವರು, ಇಲ್ಲದವರು ಎಲ್ಲ 'ಕಂಗ್ರಾಟ್ಸ್' ಅಂದರು. ಮ್ಯಾನೇಜರ್ ಶೀಟಿನಲ್ಲಿ ನನ್ನ ಸಾಲು ಹಸಿರಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಟೆಸ್ಟ್-2 ಮಲಗಿತು. ನಡುರಾತ್ರಿ, ಕಾಲ್‌ನಲ್ಲಿ ಹಸಿರು ಸಾಲಿನವರೆಲ್ಲ ಸೇರಿದೆವು. ಒಬ್ಬರು ಮೈಕ್ರೋಸರ್ವೀಸ್‌ಗೆ ಒಡೆಯಬೇಕು ಅಂದರು. ಒಬ್ಬರು ಕಂಟೇನರ್‌ಗೆ ಹಾಕಬೇಕು ಅಂದರು. ಎರಡು ಅವೈಲಬಿಲಿಟಿ ಝೋನ್ ಬೇಕು, ಅಂದರೆ ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಓಡಬೇಕು, ಅಂತ ನಾನೂ ಅಂದೆ, ಉತ್ತರ ಸರಿಯಾದದ್ದೇ. ಎರಡು ದಿನದ ಟ್ರೈನಿಂಗಿಗೆ ಹೋಗಿ ಸ್ಕ್ರಮ್ ಮಾಸ್ಟರ್ ಆದವರು ಇದನ್ನು ಮುಂದಿನ ಸ್ಪ್ರಿಂಟ್‌ಗೆ, ಅಂದರೆ ಕೆಲಸದ ಮುಂದಿನ ಕಂತಿಗೆ, ಹಾಕೋಣ ಅಂದರು. ಮ್ಯೂಟ್‌ನಲ್ಲಿದ್ದ ಸಪೋರ್ಟ್ ಟೀಮಿನ ಹುಡುಗ ಆಗ ಬಾಯಿ ಬಿಟ್ಟ. ಹುಬ್ಬಳ್ಳಿ ಕಡೆಯವನು, ಒಂದೂ ಸರ್ಟಿಫಿಕೇಟ್ ಇಲ್ಲ.

"ಸರ್, ಡಿಸ್ಕ್ ಫುಲ್ ಆಗೇತ್ರಿ. ಹಳೇ ಲಾಗ್ ತೆಗೀಲೇನ್ರಿ?"

ತೆಗೆದ. ಟೆಸ್ಟ್-2 ಎದ್ದು ಕೂತಿತು. ಮರುದಿನ ಮ್ಯಾನೇಜರ್ ಅವನ ಸೀಟಿನ ಹತ್ತಿರ ಹೋಗಿ ಬೆನ್ನು ತಟ್ಟಿದರು. ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು, ಶೀಟ್ ತೆರೆದೇ ಇತ್ತು. "ನಿನ್ನಂಥವರು ಬೇಕಪ್ಪ ನಮಗೆ. ಈ ವರ್ಷದ ಗೋಲ್‌ನಲ್ಲಿ ಒಂದು ಸರ್ಟಿಫಿಕೇಷನ್ ಹಾಕ್ಕೊಂಬಿಡು."

ಅವನು ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದ, "ಸರ್, ಯಾವುದರಾಗ ಓದೂದು ಕಮ್ಮಿ ಐತ್ರಿ?"