ಟಿವಿ ತೂಗುಹಾಕುವ ಮೊದಲು ಗೋಡೆ ಯಾವುದೆಂದು ಕೇಳಿ

ಬನಶಂಕರಿಯ ನಮ್ಮ ಬಾಡಿಗೆ ಮನೆಯಲ್ಲಿ ಕಳೆದ ತಿಂಗಳು ಧೂಳು ಒರೆಸುತ್ತಿದ್ದ ಅಮ್ಮ ನನ್ನನ್ನು ಕರೆದು, "ಯಾಕೋ ಟಿವಿ ಮುಂದಕ್ಕೆ ವಾಲಿದ ಹಾಗಿದೆಯಲ್ಲೋ, ಒಂದ್ಸಲ ನೋಡು" ಎಂದರು. ಟಾರ್ಚ್ ಹಿಡಿದು ನೋಡಿದರೆ, 55 ಇಂಚಿನ ಆ ಟಿವಿಯನ್ನು ಹೊತ್ತ ಕಬ್ಬಿಣದ ಪಟ್ಟಿಗೂ ಗೋಡೆಗೂ ನಡುವೆ ಮೇಲ್ಗಡೆ ಕಿರುಬೆರಳು ತೂರುವಷ್ಟು ಸಂದು ಬಿದ್ದಿತ್ತು. ಮೇಲಿನ ಎರಡು ಸ್ಕ್ರೂಗಳು, ಅವನ್ನು ಹಿಡಿದಿಡಲು ತೂತಿನೊಳಗೆ ಕೂರಿಸಿದ್ದ ಪ್ಲಾಸ್ಟಿಕ್ ಪ್ಲಗ್ ಸಮೇತ ಈಚೆ ಬಂದಿದ್ದವು. ತಂಗಿಯ ಮೂರು ವರ್ಷದ ಮಗ ಬಂದಾಗಲೆಲ್ಲ ಅದರ ಕೆಳಗೇ ಆಟದ ಸಾಮಾನು ಹರಡಿಕೊಂಡು ಕೂರುತ್ತಾನೆ. ನೆನೆದರೆ ಈಗಲೂ ಎದೆ ನಡುಗುತ್ತದೆ.

ಟಿವಿ ಕೂರಿಸಲು ಬಂದಿದ್ದ ಹುಡುಗ ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸಿ ಹೋಗಿದ್ದ. ಇದು ಎಂತಹ ಗೋಡೆ ಎಂದು ಅವನು ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ. ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳದೆ ಯಾರೂ ಡ್ರಿಲ್ ಹಚ್ಚಬಾರದು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ಹಳೆಯ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಇಟ್ಟಿಗೆ ಗೋಡೆಗಳಿದ್ದರೆ, ಆಮೇಲೆ ಕಟ್ಟಿದ ಎಷ್ಟೋ ಮನೆಗಳು ಸಿಮೆಂಟ್ ಬ್ಲಾಕಿನವು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವ ಹಗುರವಾದ ಕಾಂಕ್ರೀಟ್ ಬ್ಲಾಕ್ ಇರಬಹುದು, ಇಲ್ಲವೇ ಗೋಡೆಯೇ ಪೂರ್ತಿ ಕಾಂಕ್ರೀಟ್ ಇರಬಹುದು. ಡ್ರಿಲ್ಲಿನಿಂದ ಉದುರುವ ಪುಡಿಯೇ ಸುಳಿವು ಕೊಡುತ್ತದೆ. ಮೊದಲು ಬರುವುದು ಪ್ಲಾಸ್ಟರಿನ ಪುಡಿ. ಅದನ್ನು ದಾಟಿದ ಮೇಲೆ ಕೆಂಪಾದರೆ ಇಟ್ಟಿಗೆ, ಒರಟು ಬೂದುಬಣ್ಣವಾದರೆ ಸಿಮೆಂಟ್ ಬ್ಲಾಕ್, ಬಿಟ್ ಸಲೀಸಾಗಿ ಇಳಿದು ತಿಳಿಬಣ್ಣದ ನುಣ್ಣನೆ ಪುಡಿ ಬಂದರೆ ಎಎಸಿ. ಎಎಸಿಗೆ ಡ್ರಿಲ್ಲಿನ ಹ್ಯಾಮರ್ ಮೋಡ್ (ಕುಟ್ಟುತ್ತಾ ಕೊರೆಯುವ ವಿಧಾನ) ಬಳಸದೆ, ಅದಕ್ಕೆಂದೇ ಬರುವ ಪ್ಲಗ್ ಹಾಕಬೇಕು. ನಮ್ಮದು ಟೊಳ್ಳು ಬ್ಲಾಕಿನ ಗೋಡೆ: ಪ್ಲಗ್ಗಿನ ತುದಿಗೆ ಒಳಗೆ ಕಚ್ಚಿಕೊಳ್ಳಲು ಏನೂ ಇರಲಿಲ್ಲ.

ಇನ್ನೊಂದು ತಪ್ಪು ನನ್ನದೇ. ಊಟದ ಮೇಜಿನಿಂದಲೂ ಕಾಣಲೆಂದು ಎಳೆದು ತಿರುಗಿಸುವ ತೋಳಿನ ಸ್ಟ್ಯಾಂಡ್ ಹಾಕಿಸಿದ್ದೆ. 15 ಕೆಜಿ ಟಿವಿಯನ್ನು ಗೋಡೆಯಿಂದ 40 ಸೆಂ.ಮೀ. ಮುಂದಕ್ಕೆ ಎಳೆದಾಗ, ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಈಚೆಗೆ ಕೀಳುವ ಬಲ ಸುಮಾರು 30 ಕೆಜಿಯಷ್ಟಾಗುತ್ತದೆ, ಅಂದರೆ ಟಿವಿಯ ತೂಕದ ಎರಡರಷ್ಟು. ಗೋಡೆಗೆ ಒತ್ತಿ ಕೂರುವ ಸ್ಟ್ಯಾಂಡಿನಲ್ಲಿ ಈ ಎಳೆತ ಬಹಳ ಕಡಿಮೆ.

ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ವೈರಿನ ಪೈಪ್ ಹೋಗಿರುವ ಸಂಭವ ಹೆಚ್ಚು, ಅಲ್ಲಿ ಕೊರೆಯಬಾರದು. ಬಚ್ಚಲುಮನೆಗೆ ಹೊಂದಿದ ಗೋಡೆಯಲ್ಲಿ ನೀರಿನ ಪೈಪಿನ ಭಯವೂ ಇದೆ.

ಬಾಡಿಗೆದಾರರು ಸುಮ್ಮನಿರುವುದಕ್ಕೆ ಕಾರಣ ನನಗೆ ಗೊತ್ತು. ಹೆಚ್ಚು ತೂತು ಕೊರೆದರೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆಂಬ ಅಂಜಿಕೆ. ನಾನೂ ಅಂಜುತ್ತಲೇ ಮನೆ ಮಾಲೀಕರನ್ನು ಕರೆತಂದು ಆ ಸಂದನ್ನು ತೋರಿಸಿದೆ. ಅವರು ನೋಡಿದ ಕೂಡಲೇ ಒಪ್ಪಿದರು. ಗೋಡೆಯ ಆಚೆ ಬದಿಯಲ್ಲಿರುವ ಮಲಗುವ ಕೋಣೆಯವರೆಗೂ ತೂತು ಕೊರೆಸಿ, ಅಲ್ಲೊಂದು ಕಬ್ಬಿಣದ ಪಟ್ಟಿ ಇಟ್ಟು, ನಾಲ್ಕು ಉದ್ದನೆಯ ಬೋಲ್ಟುಗಳಿಂದ ಬಿಗಿಸಿ, ಚಪ್ಪಟೆ ಸ್ಟ್ಯಾಂಡ್ ಹಾಕಿಸಿದ್ದೇವೆ. ರಸಮಟ್ಟ ಇಟ್ಟು ನೋಡಿದ ಮೇಲೆ ಪಟ್ಟಿಯ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಧೂಳು ಒರೆಸುವಾಗಲೆಲ್ಲ ಅಮ್ಮ ಆ ಗೆರೆಯನ್ನೊಮ್ಮೆ ನೋಡುತ್ತಾರೆ.