ಪರದೆಯ ಆಚೆ ನಮ್ಮನ್ನು ನೋಡುವವರೊಬ್ಬರು ಇರಬೇಕು

ಆನ್‌ಲೈನ್ ಯೋಗವೆಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಗುರುಮುಖೇನ ಕಲಿಯಬೇಕಾದ ವಿದ್ಯೆಯನ್ನು ಮೊಬೈಲ್ ನೋಡಿ ಕಲಿತರೆ ಏನು ಬಂತು ಎನ್ನುತ್ತಾರೆ. ಇನ್ನು ಕೆಲವರು ಅದೇ ಮೊಬೈಲಿನಲ್ಲಿ ‘ಇಪ್ಪತ್ತೊಂದು ದಿನಗಳಲ್ಲಿ ಖಿನ್ನತೆ ಮಾಯ, ಮಾತ್ರೆಗಳ ಹಂಗಿಲ್ಲ’ ಎಂದು ಜಾಹೀರಾತು ಹಾಕಿ ದುಡ್ಡು ಎಣಿಸುತ್ತಿದ್ದಾರೆ. ಮೊದಲನೆಯವರ ಮೇಲೆ ನನಗೆ ಸಣ್ಣ ತಕರಾರಿದೆ. ಎರಡನೆಯವರ ಮೇಲೆ ಇರುವುದು ಸಿಟ್ಟು. ಎರಡನ್ನೂ ಬರೆಯಬೇಕೆನ್ನಿಸಿತು.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನ್ನ ಅತ್ತಿಗೆಯ ಮನೆಯಿದೆ. ಅಡಿಕೆ ತೋಟದ ನಡುವೆ ಒಂಟಿ ಮನೆ, ಪಕ್ಕದ ಮನೆಗೆ ಹೋಗಬೇಕಾದರೂ ಸಂಕ ದಾಟಬೇಕು. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮೇಲೆ ಅವರಿಗೆ ನಿದ್ರೆ ಕೈಕೊಟ್ಟಿತು. ಪೇಟೆಯಲ್ಲಿ ಒಳ್ಳೆಯ ಯೋಗ ತರಗತಿಯೇನೋ ಇದೆ, ಬೆಳಗಿನ ಐದೂವರೆಗೆ. ಆ ಹೊತ್ತಿಗೆ ಬಸ್ಸಿಲ್ಲ, ಇದ್ದರೂ ಹಾಲು ಕರೆಯುವುದನ್ನು ಬಿಟ್ಟು ಹೋಗುವಂತಿಲ್ಲ. ಕೊನೆಗೆ ಅವರಿಗೆ ದಕ್ಕಿದ್ದು ಶಿವಮೊಗ್ಗದ ಶಿಕ್ಷಕಿಯೊಬ್ಬರು ಹನ್ನೊಂದು ಗಂಟೆಗೆ ನಡೆಸುವ ಆನ್‌ಲೈನ್ ತರಗತಿ. ಹತ್ತು ಹನ್ನೆರಡು ಹೆಂಗಸರು, ಎಲ್ಲರೂ ಕ್ಯಾಮೆರಾ ತೆರೆದಿಟ್ಟುಕೊಂಡೇ ಕೂರಬೇಕು. ಮನೆಯಲ್ಲಿ ಸಿಗ್ನಲ್ ಬರುವುದು ಜಗಲಿಯ ಕಿಟಕಿಯ ಬಳಿ ಮಾತ್ರ. ಅತ್ತಿಗೆ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ, ಕೆಳಗೆ ಜಮಖಾನ ಹಾಸಿಕೊಳ್ಳುತ್ತಾರೆ.

ಒಮ್ಮೆ ಅಲ್ಲಿಗೆ ಹೋಗಿದ್ದಾಗ ತರಗತಿ ಮುಗಿಯುವವರೆಗೂ ಪಕ್ಕದಲ್ಲೇ ಕೂತು ನೋಡಿದೆ. ಬೆಂಕಿಪೊಟ್ಟಣದಷ್ಟು ಅಗಲದ ಚೌಕಗಳಲ್ಲಿ ಆ ಶಿಕ್ಷಕಿಗೆ ಏನು ಕಾಣಿಸೀತು ಎಂದುಕೊಂಡಿದ್ದೆ. ಆದರೆ ನಿಂತು ಪಕ್ಕಕ್ಕೆ ಬಾಗುವ ಅರ್ಧಕಟಿ ಚಕ್ರಾಸನ ಮಾಡಿಸುತ್ತಿದ್ದವರು ತಟ್ಟನೆ, “ಅಕ್ಕಾ, ಉಸಿರು ಹಿಡಿದಿದ್ದೀರಿ, ಬಿಡಿ. ಭುಜ ಕಿವಿಯ ಹತ್ತಿರ ಬಂದಿದೆ ನೋಡಿ, ಇಳಿಸಿ” ಎಂದರು. ಅತ್ತಿಗೆ ಭುಜ ಇಳಿಸಿದರು. ಇಳಿಸಿದ ಮೇಲೆಯೇ ಅದು ಏರಿದ್ದು ನನಗೂ ಗೊತ್ತಾದದ್ದು. ಶವಾಸನ ಮುಗಿದು ಎಲ್ಲರೂ ಹೊರಟ ಮೇಲೆ ಶಿಕ್ಷಕಿ ಅವರನ್ನು ಎರಡು ನಿಮಿಷ ನಿಲ್ಲಿಸಿಕೊಂಡರು. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಊಟ ರುಚಿಸುತ್ತದೆಯೇ, ತೋಟದ ಕಡೆ ಹೋಗಲು ಮನಸ್ಸಾಗುತ್ತದೆಯೇ ಎಂದು ವಿಚಾರಿಸಿದರು. ಮೂರು ಗಂಟೆಗೇ ಎಚ್ಚರವಾಗುತ್ತದೆ, ಆಮೇಲೆ ನಿದ್ರೆಯಿಲ್ಲ ಎಂದು ಅತ್ತಿಗೆ ಹೇಳಿದಾಗ, “ಒಮ್ಮೆ ಮನೋವೈದ್ಯರನ್ನು ನೋಡಿ ಬನ್ನಿ ಅಕ್ಕಾ. ತರಗತಿಯನ್ನು ಬಿಡಬೇಡಿ, ಎರಡೂ ಜೊತೆಯಲ್ಲಿ ನಡೆಯಲಿ” ಎಂದರು. ಮನೆಯವರಾದ ನಾವ್ಯಾರೂ ಆಡದಿದ್ದ ಮಾತನ್ನು, ಅರವತ್ತು ಕಿಲೋಮೀಟರ್ ದೂರದಲ್ಲಿ ಕುಳಿತ ಯೋಗ ಶಿಕ್ಷಕಿ ಆಡಿದರು. ಅತ್ತಿಗೆ ಈಗ ಚಿಕಿತ್ಸೆಯಲ್ಲಿದ್ದಾರೆ. ಹನ್ನೊಂದರ ತರಗತಿಯೂ ನಡೆದಿದೆ.

ಗುರುಮುಖೇನ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಇದೂ ಗುರುಮುಖವೇ.

ನಮ್ಮ ನಾಡಿನ ಯೋಗದ ಚರಿತ್ರೆಯನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರಲ್ಲಿ ಕಲಿತ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಗಲಾರದ ಬೆನ್ನಿಗೆ ಕುರ್ಚಿ, ಚಾಚಲಾರದ ಕೈಗೆ ಪಟ್ಟಿ, ಊರಲಾರದ ಅಂಗೈಗೆ ಮರದ ಇಟ್ಟಿಗೆ ಕೊಟ್ಟರು. ಹಾಸನ ಜಿಲ್ಲೆಯ ಕೌಶಿಕದವರಾದ ಪಟ್ಟಾಭಿ ಜೋಯಿಸರ ಮೈಸೂರಿನ ಶಾಲೆಯಲ್ಲಿ ಒಂದೇ ಕೋಣೆಯಲ್ಲಿದ್ದವರೆಲ್ಲ ತಂತಮ್ಮ ಉಸಿರಿನ ಲೆಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದರು, ಗುರು ಒಬ್ಬೊಬ್ಬರ ಬಳಿ ಬಂದು ತಿದ್ದುತ್ತಿದ್ದರು. ಇಂದಿಗೂ ಜಗತ್ತಿನ ಯೋಗಶಾಲೆಗಳು ಆ ಕ್ರಮಕ್ಕೆ ಮೈಸೂರಿನ ಹೆಸರನ್ನೇ ಇಟ್ಟುಕೊಂಡಿವೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಊರೂರಿಗೆ ಹೋಗಿ ಶಿಬಿರ ನಡೆಸಿದರು, ಜನ ತಮ್ಮ ಬಳಿ ಬರಲಿ ಎಂದು ಕಾಯಲಿಲ್ಲ. ಇವರ ದಾರಿಗಳು ಬೇರೆ ಬೇರೆ. ಆದರೆ ಎದುರಿಗಿರುವ ಮನುಷ್ಯನನ್ನು ನೋಡಿ ಕಲಿಸುವುದು ಎಲ್ಲರಲ್ಲೂ ಇತ್ತು.

ಹಾಗಾಗಿ ಮೈದಾನವೋ ಮೊಬೈಲೋ ಎನ್ನುವುದು ನನಗೆ ದೊಡ್ಡ ಪ್ರಶ್ನೆಯಲ್ಲ. 2022ರ ಜೂನ್ 21ರಂದು ಮೈಸೂರು ಅರಮನೆಯ ಮುಂದೆ ಸಾವಿರಾರು ಜನ ಸೇರಿ ಯೋಗ ಮಾಡಿದರು. ಉತ್ಸವವಾಗಿ ಅದು ಚೆನ್ನಾಗಿಯೇ ಇತ್ತು. ಆದರೆ ಅಷ್ಟು ಜನರ ನಡುವೆ ಯಾರ ಉಸಿರು ಕಟ್ಟಿದೆ ಎಂದು ಯಾರಿಗೆ ತಿಳಿದೀತು? ಹನ್ನೆರಡು ಚೌಕಗಳ ಪರದೆಯಲ್ಲಿ ಅದು ತಿಳಿಯುತ್ತದೆ. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊದಲ್ಲಿ ತಿಳಿಯುವುದಿಲ್ಲ. ಗಟ್ಟಿಮುಟ್ಟಾದ ಆರೋಗ್ಯವಂತರಿಗೆ ವಿಡಿಯೊ ಸಾಕು, ಸೂರ್ಯನಮಸ್ಕಾರದ ಕ್ರಮ ಮರೆತರೆ ನಾನೂ ವಿಡಿಯೊವನ್ನೇ ನೋಡುತ್ತೇನೆ. ಮನಸ್ಸು ಕುಗ್ಗಿದವರ ಕೈಗೆ ಬರೀ ವಿಡಿಯೊ ಕೊಟ್ಟು ಕೂರಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಧ್ಯಾನದ ಕೆಲವು ಆ್ಯಪ್‌ಗಳಂತೂ ಒಂದು ದಿನ ತಪ್ಪಿದರೆ ‘ನಿಮ್ಮ ಸರಣಿ ಮುರಿಯಿತು’ ಎಂದು ಸಂದೇಶ ಕಳುಹಿಸುತ್ತವೆ. ಹಾಸಿಗೆಯಿಂದ ಏಳುವುದೇ ಕಷ್ಟವಾಗಿರುವ, ತಾನು ಯಾವುದಕ್ಕೂ ಬಾರದವಳು ಎಂದು ಆಗಲೇ ನಂಬಿಕೊಂಡಿರುವ ಹೆಣ್ಣುಮಗಳಿಗೆ ಆ ಸಂದೇಶ ಏನು ಮಾಡುತ್ತದೆಂದು ಬರೆದವರು ಯೋಚಿಸಿದಂತಿಲ್ಲ.

ಧ್ಯಾನದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸರವೆಂದವರಿಗೆಲ್ಲ ‘ಕಣ್ಣು ಮುಚ್ಚಿ ಧ್ಯಾನ ಮಾಡಿ’ ಎನ್ನುವುದು ನಮ್ಮಲ್ಲಿ ರೂಢಿಯಾಗಿದೆ. ಖಿನ್ನತೆಯಲ್ಲಿರುವವರು ಕಣ್ಣು ಮುಚ್ಚಿದರೆ ಎಷ್ಟೋ ಸಲ ಕಾಣುವುದು ಅದೇ ಹಳೆಯ ಯೋಚನೆಗಳ ಸುತ್ತಾಟ. ಪಳಗಿದ ಶಿಕ್ಷಕರು ಅಂಥವರನ್ನು ಮೊದಲು ನಿಲ್ಲಿಸುತ್ತಾರೆ, ನಡೆಸುತ್ತಾರೆ, ಕೈಕಾಲು ಆಡಿಸುತ್ತಾರೆ, ಕಣ್ಣು ತೆರೆದೇ ಉಸಿರಾಡಿಸುತ್ತಾರೆ. ಒಳಗೆಳೆದುಕೊಳ್ಳುವ ಉಸಿರಿಗಿಂತ ಬಿಡುವ ಉಸಿರನ್ನು ಉದ್ದ ಮಾಡಿಸುತ್ತಾರೆ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಭ್ರಾಮರಿ ಪ್ರಾಣಾಯಾಮದ ಹ್ಞೂಂಕಾರದಲ್ಲಿ ಆಗುವುದೂ ಇದೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಯೋಗವನ್ನು ಕಲಿಸಿ ಅಧ್ಯಯನ ಮಾಡಿದಾಗ ಔಷಧವನ್ನು ನಿಲ್ಲಿಸಲಿಲ್ಲ, ಔಷಧದ ಜೊತೆಗೆ ಯೋಗವನ್ನು ಸೇರಿಸಿದರು. ಆ ಯೋಗಕ್ರಮದಲ್ಲಿ ಧ್ಯಾನವನ್ನು ಬೇಕೆಂದೇ ಕೈಬಿಟ್ಟಿದ್ದರು. ದಿನಗಟ್ಟಲೆ ಮೌನವಾಗಿ ಧ್ಯಾನ ಮಾಡಿಸುವ ವಿಪಶ್ಯನ ಶಿಬಿರಕ್ಕೆ ಅರ್ಜಿ ಹಾಕುವಾಗಲೂ ಮಾನಸಿಕ ಕಾಯಿಲೆಯ ಹಿನ್ನೆಲೆಯನ್ನು ಕೇಳುತ್ತಾರೆ. ಆಳವಾಗಿ ಬಲ್ಲವರು ಇಷ್ಟು ಎಚ್ಚರದಿಂದ ಇರುವಾಗ, ಲಿಂಕ್ ಒತ್ತಿದ ಯಾರನ್ನಾದರೂ ಒಂದು ಗಂಟೆ ಧ್ಯಾನಕ್ಕೆ ಕೂರಿಸುವವರಿಗೆ ಧೈರ್ಯವಾದರೂ ಎಲ್ಲಿಂದ ಬರುತ್ತದೆ?

ಬಿರುಸಾಗಿ ಉಸಿರಾಡಿಸುವ ಕಪಾಲಭಾತಿ, ಭಸ್ತ್ರಿಕಾಗಳ ವಿಷಯವೂ ಹೀಗೆಯೇ. ರಕ್ತದೊತ್ತಡ, ಹರ್ನಿಯಾ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಅವನ್ನು ಮಾಡಬಾರದೆಂದು ಯೋಗ ಶಿಕ್ಷಕರೆಲ್ಲರಿಗೂ ಗೊತ್ತು. ಗಾಬರಿ, ಎದೆ ಡವಗುಟ್ಟುವುದು ಇರುವವರಿಗೆ ವೇಗದ ಉಸಿರಾಟ ಗಾಬರಿಯನ್ನೇ ಹೆಚ್ಚಿಸಬಹುದು. ನೂರಾರು ಜನ ಕ್ಯಾಮೆರಾ ಮುಚ್ಚಿಕೊಂಡು ಕೂತಿರುವ ತರಗತಿಯಲ್ಲಿ ಇದನ್ನು ಯಾರು ಯಾರಿಗೆ ಹೇಳುತ್ತಾರೆ?

ಇನ್ನು ಮಾತ್ರೆ ಬಿಡಿಸುವ ಜಾಹೀರಾತುಗಳು. ಖಿನ್ನತೆಯ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ರೆಗೇಡು ಬರಬಹುದು, ಕಾಯಿಲೆ ಮರುಕಳಿಸಬಹುದು. ಪ್ರಮಾಣವನ್ನು ಇಳಿಸುವುದೋ ಬಿಡುವುದೋ ಎನ್ನುವುದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು. ಯೋಗದ ಹೆಸರಿನಲ್ಲಿ ಇದನ್ನು ಮೀರುವವರು ರೋಗಿಗೆ ಮಾತ್ರವಲ್ಲ, ಯೋಗಕ್ಕೂ ಕೇಡು ಮಾಡುತ್ತಿದ್ದಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೋವೈದ್ಯರ ಬಾಗಿಲು ತಟ್ಟಲು ನಾಚುವ ಜನ ನಮ್ಮವರು, ಯೋಗ ತರಗತಿಗೆ ಸೇರಲು ನಾಚುವುದಿಲ್ಲ. ಅದಕ್ಕೇ ಆನ್‌ಲೈನ್ ಯೋಗ ಶಿಕ್ಷಕರ ಮೇಲೆ ನನಗಿರುವ ನಿರೀಕ್ಷೆ ದೊಡ್ಡದು. ಎಷ್ಟೋ ಮನೆಗಳಲ್ಲಿ ಸಂಕಟವನ್ನು ಮೊದಲು ಕಾಣುವವರು ಅವರೇ ಆಗಿರಬಹುದು. ಸೇರಿಸಿಕೊಳ್ಳುವಾಗಲೇ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ, ನಿದ್ರೆ ಹೇಗಿದೆ ಎಂದು ಖಾಸಗಿಯಾಗಿ ಕೇಳಲಿ. ತಮ್ಮ ಕೈಮೀರಿದ್ದನ್ನು ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಡಲಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಶುಲ್ಕದ ಮಾತನ್ನೂ ಆಡಿಬಿಡುತ್ತೇನೆ. ಹತ್ತು ಜನರನ್ನು ಕಣ್ಣಿಟ್ಟು ನೋಡುವ ಶಿಕ್ಷಕಿ ತಿಂಗಳಿಗೆ ಇಷ್ಟು ಎಂದು ಕೇಳಿದರೆ ‘ಯೋಗವನ್ನು ಮಾರುತ್ತೀರಾ’ ಎನ್ನಬೇಡಿ. ಅವರದೂ ಸಂಸಾರ, ಅವರಿಗೂ ಇಂಟರ್ನೆಟ್ ಬಿಲ್ಲು ಬರುತ್ತದೆ. ಕೊಡಲಾಗದವರಿಗಾಗಿ ಸರ್ಕಾರ ಮಾಡಬಹುದಾದದ್ದಿದೆ. ಆಯುಷ್ ವ್ಯವಸ್ಥೆಯ ಆರೋಗ್ಯ ಕೇಂದ್ರಗಳಲ್ಲಿ ಈಗಾಗಲೇ ಯೋಗ ತರಬೇತುದಾರರಿದ್ದಾರೆ. ಅವರಿಗೆ ಮಾನಸಿಕ ಆರೋಗ್ಯದ ಪ್ರಾಥಮಿಕ ತಿಳಿವಳಿಕೆ ಕೊಟ್ಟು, ಸರಿಯಾದ ಸಂಬಳ ಕೊಟ್ಟು, ವಾರಕ್ಕೆ ಮೂರು ದಿನವಾದರೂ ಕನ್ನಡದಲ್ಲಿ ಚಿಕ್ಕ ಆನ್‌ಲೈನ್ ತರಗತಿ ನಡೆಸಲು ಹೇಳಿದರೆ ಕೇಂದ್ರಕ್ಕೆ ಬರಲಾಗದ ಹಳ್ಳಿಯ ಹೆಂಗಸರಿಗೆ, ಮಂಡಿನೋವಿನ ಹಿರಿಯರಿಗೆ ತಲುಪುತ್ತದೆ.

ನನ್ನ ಸ್ನೇಹಿತರ ಪಟ್ಟಿಯಲ್ಲಿ ಯೋಗ ಶಿಕ್ಷಕರು ಅನೇಕರಿದ್ದೀರಿ. ಹದಿನೈದು ಜನಕ್ಕಿಂತ ಕಡಿಮೆ ಇರುವ, ಕ್ಯಾಮೆರಾ ತೆರೆದು ನಡೆಸುವ ಕನ್ನಡ ತರಗತಿ ನಿಮ್ಮದಾಗಿದ್ದರೆ ಸಮಯ, ಶುಲ್ಕ ಎರಡನ್ನೂ ಕೆಳಗೆ ಬರೆಯಿರಿ. ಬೆಳಗಿನ ಐದೂವರೆಯದು ಬೇಕಾದಷ್ಟಿವೆ. ಮಕ್ಕಳನ್ನು ಶಾಲೆಗೆ ಕಳುಹಿಸಿ, ಕೊಟ್ಟಿಗೆ, ಅಡುಗೆ ಮುಗಿಸಿದವರಿಗೆ ಹೊಂದುವ ಹನ್ನೊಂದು ಗಂಟೆಯದನ್ನೋ ಮಧ್ಯಾಹ್ನ ಮೂರರದನ್ನೋ ಮೊದಲು ತಿಳಿಸಿ.