ಅಮ್ಮನನ್ನು ಕೇಳುವ ಆ ಪ್ರಶ್ನೆ

ಮಗುವಿಗೆ ಪೆಟ್ಟಾದಾಗ ಹೆತ್ತವರು ತಮ್ಮನ್ನೇ ದೂರಿಕೊಳ್ಳಬಾರದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಸುತ್ತಲಿನವರು ಬಿಡಬೇಕಲ್ವಾ? ನಮ್ಮ ಮೂಡಿಗೆರೆ ಕಡೆ ಎಷ್ಟೋ ಮನೆಗಳಲ್ಲಿ ಇನ್ನೂ ಬಚ್ಚಲೊಲೆ, ಹಂಡೆ ಇವೆ. ನನ್ನ ತಂಗಿಯ ಮಗಳು ಬಿಸಿನೀರಿನ ಚೊಂಬು ಎಳೆದುಕೊಂಡು ಕೈ ಸುಟ್ಟುಕೊಂಡಳು. ತಂಗಿ ತಕ್ಷಣ ಮಗುವಿನ ಬಳೆ ಬಿಚ್ಚಿ, ಕೈಯನ್ನು ನಲ್ಲಿ ಕೆಳಗೆ ಹಿಡಿದಳು. ಮಾಡಬೇಕಾದದ್ದೂ ಅದೇ. 20 ನಿಮಿಷ ತಣ್ಣೀರು ಹರಿಯಬೇಕು. ಐಸ್, ಟೂತ್‌ಪೇಸ್ಟ್, ತುಪ್ಪ, ಇಂಕು ಯಾವುದೂ ಬೇಡ. ಆಮೇಲೆ ಆಸ್ಪತ್ರೆಗೆ ಓಡಿದರು.

ಇಷ್ಟೆಲ್ಲ ಸರಿಯಾಗಿ ಮಾಡಿದವಳನ್ನು ನೋಡಲು ಬಂದವರೆಲ್ಲ ಕೇಳಿದ್ದು, "ನೀನೆಲ್ಲಿ ಹೋಗಿದ್ದೆ?" ಮಗುವಿನ ಅಪ್ಪನನ್ನು ಯಾರೂ ಕೇಳಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಮಗುವಿನ ಕೈ ವಾಸಿಯಾಯಿತು, ಅದು ಮತ್ತೆ ಆಡಲು ಶುರುಮಾಡಿತು. ತಂಗಿ ಮಾತ್ರ ರಾತ್ರಿ ಎದ್ದೆದ್ದು ಆ ಕೈ ಮುಟ್ಟಿ ನೋಡುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ನೋಡಲು ಹೋಗುವವರು ದಯವಿಟ್ಟು ಆ ಪ್ರಶ್ನೆ ಬಿಡಿ. ಮಗುವನ್ನು ಸ್ವಲ್ಪ ಹೊತ್ತು ನೀವು ನೋಡಿಕೊಂಡು, ಅಮ್ಮನನ್ನು ಮಲಗಲು ಕಳಿಸಿ. ನಿದ್ದೆ ಬಾರದೆ ಒದ್ದಾಡುವ ಅಪ್ಪ ಅಮ್ಮಂದಿರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.